ಕಾರಿನ ಹೊಟ್ಟೆಗೊಂದು ತಗಡು

ಸಿಂಧಘಟ್ಟದಿಂದ ನಾಗಮಂಗಲದ ಕಡೆ ಹೋಗುವ ರಸ್ತೆಗೆ ಸರ್ಕಾರ ಡಾಂಬರು ಹಾಕಿಸಿದ್ದು ಜನ ಓಡಾಡಲಿ ಎಂದು. ತಿಮ್ಮರಾಜು ಮಾತ್ರ ಮೊದಲ ದಿನದಿಂದಲೂ ಅದನ್ನು ಬೇರೆಯದೇ ಕಣ್ಣಿನಿಂದ ನೋಡಿದ ಮನುಷ್ಯ. ಅಷ್ಟು ನುಣ್ಣಗೆ, ಅಷ್ಟು ಗಟ್ಟಿಯಾಗಿ, ಸಗಣಿ ಸಾರಿಸುವ ಗೋಜೇ ಇಲ್ಲದ ಒಂದು ಕಣ ತಾನಾಗಿ ತನ್ನ ಹೊಲದ ಬದುವಿಗೆ ಬಂದು ಮಲಗಿರುವಾಗ ಹುರುಳಿಯನ್ನು ಇನ್ನೆಲ್ಲಿಗೆ ಹೊತ್ತುಕೊಂಡು ಹೋಗುವುದು? ಆ ವರ್ಷವೇ ಅವನು ಕಿತ್ತ ಹುರುಳಿ ಬಳ್ಳಿಯನ್ನೆಲ್ಲ ರಸ್ತೆಯ ತುಂಬ ಹಾಸಿದ. ಬಸ್ಸು, ಲಾರಿ, ಕಬ್ಬಿನ ಟ್ರಾಕ್ಟರುಗಳು ಬೆಳಗಿನಿಂದ ಅದರ ಮೇಲೆ ಹರಿದು, ಸಂಜೆಯ ಹೊತ್ತಿಗೆ ಕಾಳು ಬೇರೆ, ಸೊಪ್ಪು ಬೇರೆ ಆಗಿತ್ತು. ಎತ್ತು ಕಟ್ಟಲಿಲ್ಲ, ಆಳು ಕರೆಯಲಿಲ್ಲ. ನೋಡಿದವರು ನಕ್ಕರು. ಮರುವರ್ಷ ನಕ್ಕವರೇ ಹಾಸಿದರು. ಈಗ ಹುರುಳಿ ಕೀಳುವ ಕಾಲ ಬಂತೆಂದರೆ ಊರ ಮುಂದಿನ ಆ ರಸ್ತೆಯಲ್ಲಿ ಡಾಂಬರು ಕಾಣುವುದೇ ಇಲ್ಲ.

ಹಾಗಂತ ತಿಮ್ಮರಾಜು ಕೆಟ್ಟವನೇನಲ್ಲ. ಹುರುಳಿ ಹಾಸಿದ ದಿನ ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಒಂದು ಕೊಡ ನೀರು, ಒಂದು ಕುಡುಗೋಲು ತಪ್ಪದೆ ಇಟ್ಟಿರುತ್ತಿದ್ದ. ಲಾರಿ, ಬಸ್ಸುಗಳಿಗೆ ಹುರುಳಿ ಲೆಕ್ಕವಿಲ್ಲ. ಹೊಟ್ಟೆ ನೆಲಕ್ಕೆ ತಾಗುವಂಥ ಸಣ್ಣ ಕಾರುಗಳದ್ದೇ ಪಾಡು. ಬಳ್ಳಿ ಒಳಗೆ ಚಕ್ರದ ಅಚ್ಚಿಗೆ ಸುತ್ತಿಕೊಂಡು, ಹಗ್ಗದಂತೆ ಹುರಿಗೊಂಡು, ಕಾರು ಮುಂದೆ ಹೋಗಲಾರದೆ ನಿಲ್ಲುತ್ತಿತ್ತು. ಒಳಗಿನವರು ಇಳಿದು ಬೈಯಲು ಶುರು ಮಾಡುವಷ್ಟರಲ್ಲಿ ತಿಮ್ಮರಾಜು ಕುಡುಗೋಲು ಹಿಡಿದು, ಟವಲು ಹಾಸಿಕೊಂಡು ಕಾರಿನ ಅಡಿಗೆ ಮಲಗಿಬಿಟ್ಟಿರುತ್ತಿದ್ದ. ಸೊಪ್ಪು ಕುಯ್ದು ತೆಗೆದು, ಕೈತೊಳೆದು, ಕುಡಿಯಲು ನೀರು ಕೊಟ್ಟು ಕಳಿಸುತ್ತಿದ್ದ. ಬೈಯಲು ಬಾಯಿ ತೆರೆದವರು ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಇದನ್ನು ಅವನು ಉಪಕಾರವೆಂದೇ ತಿಳಿದಿದ್ದ.

"ಕಳ್ಳನೂ ನೀನೇ, ಪೊಲೀಸೂ ನೀನೇ ಅಲ್ವಾ ಅಪ್ಪ" ಎಂದು ಮಗಳು ಪವಿತ್ರ ಚುಡಾಯಿಸುತ್ತಿದ್ದಳು.

"ನಾನ್ ಯಾರ ಮನೆ ಗಂಟು ಕದ್ದಿವ್ನಿ? ರೋಡು ನಮ್ದೂ ಅಲ್ವಾ?" ಎನ್ನುತ್ತಿದ್ದ ತಿಮ್ಮರಾಜು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಪವಿತ್ರ ಅವನಿಗೆ ಒಬ್ಬಳೇ ಮಗಳು. ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಕೆಲಸ. ಇಷ್ಟು ದಿನ ಸ್ಕೂಟರಿನಲ್ಲೇ ಹೋಗಿ ಬರುತ್ತಿದ್ದಳು. ಹಸುಗಳೇನು ಆಫೀಸಿನ ಗಡಿಯಾರ ನೋಡಿಕೊಂಡು ಕರು ಹಾಕುವುದಿಲ್ಲವಲ್ಲ, ಎಷ್ಟೋ ಸಲ ಅವಳು ಮನೆ ಸೇರುವಾಗ ದೀಪ ಹಚ್ಚುವ ಹೊತ್ತು ದಾಟಿರುತ್ತಿತ್ತು. ಹೊಂಗೆ ಮರದ ಹತ್ತಿರ ಆ ಸ್ಕೂಟರಿನ ಸದ್ದು ಕೇಳುವವರೆಗೆ ತಿಮ್ಮರಾಜು ಜಗಲಿಯಿಂದ ಏಳುತ್ತಿರಲಿಲ್ಲ. ಕೇಳಿದರೆ, ಸೆಖೆ ಅಂತ ಕೂತಿದ್ದೆ ಎನ್ನುತ್ತಿದ್ದ, ಚಳಿಗಾಲದಲ್ಲೂ.

ಹಾಗಾಗಿ ಮಗಳು ಕಾರು ತಗೊಳ್ಳುತ್ತೇನೆ ಎಂದಾಗ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹಾಲಿನ ದುಡ್ಡು ಇದೆ, ನಾನೂ ಹಾಕುತ್ತೇನೆ ಎಂದ. ಅವಳು ಬೇಡವೆಂದಳು, ತನ್ನ ಸಂಬಳದಲ್ಲಿ ಕೂಡಿಟ್ಟಿದ್ದು ಸಾಕು ಎಂದಳು. ತಿಮ್ಮರಾಜುವಿನ ಮುಖ ಬಾಡಿತು. ಅದನ್ನು ನೋಡಿ ಅವಳೇ ಒಂದು ದಾರಿ ಹುಡುಕಿದಳು.

"ಕಾರು ನಂದು ಅಪ್ಪ. ಅದರ ಒಡವೆ ವಸ್ತ್ರ ನಿಂದು. ಶೋರೂಮಲ್ಲಿ ಎಕ್ಸ್‌ಟ್ರಾ ಫಿಟಿಂಗ್ ಅಂತ ಏನೇನೋ ತೋರಿಸ್ತಾರೆ. ಯಾವ್ದು ಬೇಕು, ಯಾವ್ದು ಬೇಡ, ನೀನೇ ನೋಡಿ ಹಾಕ್ಸು."

ತಿಮ್ಮರಾಜು ಈ ಮಾತನ್ನು ಹಗುರಾಗಿ ತೆಗೆದುಕೊಳ್ಳಲಿಲ್ಲ. ರಾತ್ರಿ ಹೆಂಡತಿ ಪ್ರಮೀಳಾಗೆ ಹೇಳಿದ: "ನೋಡು, ಥಳುಕು ಬಳುಕು ನಂಗೆ ಬ್ಯಾಡ. ನಾನ್ ಹಾಕ್ಸೋದು ಏನೇ ಆಗ್ಲಿ, ಮಗೀನ ದಿನಾ ಸಂಜೆ ಸುಸೂತ್ರವಾಗಿ ಮನೆ ಮುಟ್ಟಿಸ್ಬೇಕು. ಅಂಥದ್ದು ಒಂದೇ ಒಂದು ಸಿಕ್ರೂ ಸಾಕು."

ಧನುರ್ಮಾಸ ನಡೆಯುತ್ತಿತ್ತು. ಹೊಸ ಕಾರು ಮನೆಗೆ ಬರುವುದೇನಿದ್ದರೂ ಸಂಕ್ರಾಂತಿ ಕಳೆದ ಮೇಲೆ. ಆದರೆ ಆರಿಸುವುದಕ್ಕೆ ಮಾಸದ ಅಡ್ಡಿಯಿಲ್ಲ ಎಂದು ಪ್ರಮೀಳಾ ಅಪ್ಪಣೆ ಕೊಟ್ಟ ಮೇಲೆ ಒಂದು ಭಾನುವಾರ ಮೂವರೂ ಶ್ರೀರಂಗಪಟ್ಟಣಕ್ಕೆ ಹೊರಟರು. ಮೂವರಲ್ಲ, ನಾಲ್ವರು. ಕೆ.ಆರ್. ಪೇಟೆಯಲ್ಲಿ ಇಮಾಮ್ ಬಸ್ಸು ಹತ್ತಿಕೊಂಡ. ಇಮಾಮ್ ತಿಮ್ಮರಾಜುವಿನ ಜೊತೆ ಒಂದೇ ಬೆಂಚಿನಲ್ಲಿ ಕೂತು ಏಳನೇ ಕ್ಲಾಸು ಫೇಲಾದವನು, ಈಗ ಗೂಡ್ಸ್ ಆಟೋ ಓಡಿಸುತ್ತಾನೆ. ಅವನ ಆಟೋವನ್ನು ಪೇಟೆಯಲ್ಲಿ ಗುರುತು ಹಿಡಿಯದವರಿಲ್ಲ. ಮುಂದೆ ನೀಲಿ ದೀಪ, ಹಿಂದೆ ಹಸಿರು ದೀಪ, ಕನ್ನಡಿಗೆ ಜರಿ, ನಾಲ್ಕು ರಾಗದ ಹಾರನ್ನು, ಹಿಂಬದಿಯಲ್ಲಿ ಹೆಂಡತಿ ಬಿಸ್ಮಿಲ್ಲಾ ಬೀ ಹೆಸರು. ವಾಹನಕ್ಕೆ ಏನು ಹಾಕಿಸಬೇಕು ಎಂಬ ವಿಷಯದಲ್ಲಿ ಇವನಿಗಿಂತ ತಿಳಿದವರು ಯಾರು ಎಂದು ತಿಮ್ಮರಾಜು ಕರೆದಿದ್ದ. ಅಲ್ಲೇ ಅವನು ಎಡವಿದ್ದು.

ಹೆದ್ದಾರಿ ಬದಿಯ ಆ ಶೋರೂಮಿನಲ್ಲಿ ರವೀಂದ್ರ ಎಂಬ ಹುಡುಗ ಟೈ ಕಟ್ಟಿಕೊಂಡು ಕಾದಿದ್ದ. ನಗುಮುಖ, ಮೃದು ಮಾತು. ನಾಲ್ವರಿಗೂ ಕಾಫಿ ತರಿಸಿ, ತಟ್ಟೆಯಷ್ಟು ಅಗಲದ ಫೋನಿನಲ್ಲಿ ಒಂದೊಂದೇ ಚಿತ್ರ ಸರಿಸುತ್ತ ಹೋದ. ಮೊದಲು ಸೀಟಿನ ಕವರು.

"ಮೆರೂನ್ ಬಣ್ಣ ತಗೋ ಬೇಟಿ" ಎಂದ ಇಮಾಮ್, ಪವಿತ್ರಳ ಕಡೆ ತಿರುಗಿ. "ಮಖಮಲ್ ಇದ್ದಂಗೈತೆ."

ತಿಮ್ಮರಾಜು ಎದ್ದು ಹೋಗಿ, ಅಲ್ಲಿ ನಿಲ್ಲಿಸಿದ್ದ ಕಾರಿನ ಬಾಗಿಲು ತೆಗೆದು ಸೀಟನ್ನು ಅಂಗೈಯಲ್ಲಿ ಒತ್ತಿ ನೋಡಿ ಬಂದ. "ಇದ್ಕೆ ಬಟ್ಟೆ ಐತಲ್ಲಪ್ಪ. ಬಟ್ಟೆ ಮ್ಯಾಲೆ ಯಾಕೆ ಬಟ್ಟೆ?"

"ಒರಿಜಿನಲ್ ಕೊಳೆ ಆಗ್ದೇ ಇರ್ಲಿ ಅಂತ ಸರ್."

"ಈ ಕವರ್ರು ಒಗೆಯಕ್ಕಾಯ್ತದಾ?" ಎಂದು ಪ್ರಮೀಳಾ ಕೇಳಿದಳು. ಒರೆಸಬಹುದು, ಒಗೆಯಲು ಬರುವುದಿಲ್ಲ ಎಂದ ರವೀಂದ್ರ. "ಒಗೆಯಕ್ಕಾಗ್ದಿದ್ಮ್ಯಾಲೆ ಬ್ಯಾಡ ಬುಡಪ್ಪ" ಎಂದು ಅವಳು ಕಾಫಿಗೆ ಕೈ ಹಾಕಿದಳು.

ಆಮೇಲೆ ಬಣ್ಣದ ಮೇಲೆ ಹಚ್ಚುವ ಲೇಪ ಬಂತು. ಹಚ್ಚಿಸಿದರೆ ಕಾರು ವರ್ಷಗಟ್ಟಲೆ ಹೊಸದರಂತೆ ಹೊಳೆಯುತ್ತದಂತೆ. ತಿಮ್ಮರಾಜು ಶೋರೂಮಿನಲ್ಲಿ ಸಾಲಾಗಿ ನಿಂತ ಕಾರುಗಳನ್ನು ಒಮ್ಮೆ ನೋಡಿದ. "ಇವೆಲ್ಲ ಈಗ್ಲೇ ಹೊಳೀತಾವಲ್ಲ. ದಿನಾ ತೊಳದ್ರೆ ನಮ್ಮನೆ ಎಮ್ಮೆನೂ ಹೊಳೀತದೆ" ಎಂದ. ರವೀಂದ್ರ ನಕ್ಕು ಮುಂದಿನ ಚಿತ್ರಕ್ಕೆ ಸರಿದ. ಸೆಂಟಿನ ಡಬ್ಬಿಯನ್ನು ಪವಿತ್ರಳೇ ಬೇಡವೆಂದಳು. ತಾನು ದಿನವೆಲ್ಲ ಕೊಟ್ಟಿಗೆಗಳಲ್ಲಿ ಓಡಾಡಿ ಬರುವವಳು, ಯಾವ ಸೆಂಟೂ ಅದರ ಮುಂದೆ ನಿಲ್ಲುವುದಿಲ್ಲ ಎಂದಳು. ಕಾಲಡಿಗೆ ಹಾಕುವ, ಅಂಚು ಎತ್ತರವಿದ್ದ ರಬ್ಬರಿನ ಹಾಸನ್ನು ಪ್ರಮೀಳಾ ನೋಡಿದ ಕೂಡಲೇ ಒಪ್ಪಿದಳು. ಸಗಣಿ ಕಾಲಿನಲ್ಲಿ ಹತ್ತಿದರೂ ಎತ್ತಿ ಬಚ್ಚಲಲ್ಲಿ ತೊಳೆದುಬಿಡಬಹುದು, ಇದು ಲಕ್ಷಣವಾದ ಸಾಮಾನು ಎಂದಳು.

ಬಾಗಿಲು ತೆರೆದರೆ ನೆಲದ ಮೇಲೆ ನೀಲಿ ಬೆಳಕು ಚೆಲ್ಲುವ ದೀಪವೊಂದಿತ್ತು. ಅದನ್ನು ಕಂಡದ್ದೇ ಇಮಾಮ್ ಕುರ್ಚಿಯಿಂದ ಮುಂದಕ್ಕೆ ಬಂದ. "ಮಾಷಾ ಅಲ್ಲಾ. ತಿಮ್ಮ, ಇದೊಂದ್ ಹಾಕ್ಸ್‌ಬುಡ್ಲಾ. ಮಗಳು ಇಳಿಯೋವಾಗ ರಾಣಿ ಇಳಿದಂಗಿರ್ತದೆ."

"ಇಳಿಯೋದು ನಮ್ ಕೊಟ್ಟಿಗೆ ಮುಂದೆ ಕಣ್ಲಾ. ಬೆಳಕು ಕಂಡು ಹಸ ಬೆದ್ರಿ ಹಗ್ಗ ಕಿತ್ಕಂಡ್ರೆ ನೀನ್ ಬಂದ್ ಹಿಡ್ಕಂಡಿಯಾ?"

ಇಮಾಮ್ ಮುನಿಸಿಕೊಂಡು ಹಿಂದಕ್ಕೆ ಒರಗಿದ. ಇನ್ನೊಂದು ಬಿಸ್ಕತ್ತು ತಿಂದ ಮೇಲೆ ಮುನಿಸು ಹೋಯಿತು.

ಗ್ಯಾರಂಟಿಯನ್ನು ಇನ್ನಷ್ಟು ವರ್ಷಕ್ಕೆ ಹೆಚ್ಚಿಸಿಕೊಳ್ಳುವ ಮಾತು ಬಂದಾಗ ತಿಮ್ಮರಾಜು ಚುರುಕಾದ. ಇದು ತನಗೆ ಬೇಕಾದಂಥ ವಸ್ತು ಎನ್ನಿಸಿತು. ಏನೇನಕ್ಕೆ ಬರುತ್ತದೆ ಎಂದು ಕೇಳಿದ. ಇಂಜಿನ್ನು, ಗೇರು, ಕರೆಂಟಿನ ಕೆಲಸ ಎಲ್ಲಕ್ಕೂ ಎಂದ ರವೀಂದ್ರ. ಆಮೇಲೆ ಸ್ವಲ್ಪ ತಡೆದು, "ನೀವು ಯಾವ್ ಕಡೆಯವ್ರು ಸರ್?" ಎಂದ.

"ಸಿಂಧಘಟ್ಟ. ಮಗಳು ದಿನಾ ನಾಗಮಂಗಲದ ಕಡೆ ಓಗಿ ಬರ್ತಾಳೆ."

"ಹಂಗಾದ್ರೆ ಒಂದು ಹೇಳ್ಬಿಡ್ತೀನಿ. ಹುರುಳಿ ಸೊಪ್ಪು ಸುತ್ಕೊಂಡು ಏನಾದ್ರೂ ಆದ್ರೆ ಇದ್ರಲ್ಲಿ ಬರಲ್ಲ ಸರ್. ನಿಮ್ ಕಡೆಯಿಂದ ಬರೋ ಗಾಡಿಗಳಲ್ಲಿ ನಾವು ನೋಡೋದು ಅದೇ."

ಇಮಾಮ್ ಕೆಮ್ಮಿದ. ಪವಿತ್ರ ಗಾಜಿನಾಚೆ ಹೆದ್ದಾರಿಯಲ್ಲಿ ಹೋಗುತ್ತಿದ್ದ ಬಸ್ಸುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

"ನಾನು ತೋರಿಸ್ತೀನಿ ನೋಡಿ" ಎಂದು ರವೀಂದ್ರ ತನ್ನ ಸ್ವಂತ ಫೋನು ತೆಗೆದ. ಯಾವುದೋ ಊರಿನ, ಯಾವುದೋ ರಸ್ತೆ. ಒಂದು ಕೆಂಪು ಕಾರು ಹುರುಳಿಯ ನಡುವೆ ನಿಂತಿತ್ತು. ಮೊದಲು ಅಡಿಯಿಂದ ಸಣ್ಣಗೆ ಹೊಗೆ. ನೋಡನೋಡುತ್ತ ಮುಂದಿನ ಚಕ್ರದ ಹತ್ತಿರ ಬೆಂಕಿ, ಆಮೇಲೆ ಕಾರಿನ ಮುಖವೇ ಬೆಂಕಿ. ಒಳಗಿದ್ದವರು ಹೊರಗೆ ಬಂದು ದೂರ ನಿಂತಿದ್ದರು. ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡಿದ್ದಳು. "ಬಿಸಿ ಸೈಲೆನ್ಸರಿಗೆ ಒಣಗಿದ ಸೊಪ್ಪು ತಾಗಿದ್ರೆ ಇನ್ನೇನಾಗುತ್ತೆ ಸರ್. ಅದನ್ನ ರಸ್ತೆ ಮೇಲೆ ಹಾಸ್ತಾರಲ್ಲ, ಅವ್ರಿಗೆ ಮನೇಲಿ ಹೆಣ್ಣು ಮಕ್ಕಳು ಇರಲ್ವಾ ಅಂತ."

ಪ್ರಮೀಳಾ ಸೆರಗು ಸರಿಪಡಿಸಿಕೊಂಡಳು. ತಿಮ್ಮರಾಜುವಿನ ಕೈಯಲ್ಲಿದ್ದ ಕಾಫಿ ಆರಿತ್ತು. ಅವನು ಅದನ್ನೇ ಒಂದು ಗುಟುಕು ಕುಡಿದ.

"ಅದಕ್ಕೇ ಸರ್, ನಿಮ್ ಕಡೆಯವ್ರಿಗೆ ನಾನು ಹೇಳೋದು ಇದೊಂದೇ" ಎಂದು ರವೀಂದ್ರ ಕಪ್ಪನೆಯ ತಗಡಿನ ಚಿತ್ರವೊಂದನ್ನು ತೋರಿಸಿದ. ಇಂಜಿನ್ನಿನ ಅಡಿಗೆ, ಕಾರಿನ ಹೊಟ್ಟೆ ಮುಚ್ಚುವಂತೆ ಬಿಗಿಯುವ ತಗಡು. ಕಲ್ಲು ತಾಗುವುದಿಲ್ಲ, ಕೆಸರು ಸಿಡಿಯುವುದಿಲ್ಲ.

"ಸೊಪ್ಪು?" ಎಂದ ತಿಮ್ಮರಾಜು.

"ಸೊಪ್ಪೂ ಹೋಗಲ್ಲ ಸರ್. ಅಡಿಯೆಲ್ಲ ಮುಚ್ಚಿರುತ್ತಲ್ಲ."

ತಿಮ್ಮರಾಜುವಿಗೆ ಗೊತ್ತಿತ್ತು. ಈ ತಗಡು ಮಾರುವವನಿಗೆ ಗೊತ್ತಿಲ್ಲದ್ದು, ಕಾರಿನ ಅಡಿಯಲ್ಲಿ ಅಷ್ಟು ಸಲ ಮಲಗಿದ ತಿಮ್ಮರಾಜುವಿಗೆ ಗೊತ್ತಿತ್ತು. ಹೋದ ವರ್ಷ ಒಂದು ಬಿಳಿ ಕಾರಿಗೆ ಇಂಥದ್ದೇ ತಗಡಿತ್ತು. ಬಳ್ಳಿ ಚಕ್ರದ ಕಡೆಯಿಂದ ನುಗ್ಗಿ, ತಗಡಿಗೂ ಇಂಜಿನ್ನಿಗೂ ನಡುವೆ ಗಿಡಿದುಕೊಂಡು ಕೂತಿತ್ತು. ತಗಡಿಲ್ಲದ ಕಾರಾಗಿದ್ದರೆ ಕೈ ಹಾಕಿ ಎಳೆಯಬಹುದಿತ್ತು. ಇದಕ್ಕೆ ಕೈ ಹಾಕಲು ಸಂದೇ ಇರಲಿಲ್ಲ. ಹೊಗೆ ಬಂದಾಗ ಹೊಂಗೆ ಮರದ ಕೆಳಗಿನ ಕೊಡವನ್ನು ತಂದು ಸುರಿದಿದ್ದ. ಆವತ್ತು ಸಂಜೆ ಡೇರಿಯ ಕಟ್ಟೆಯ ಮೇಲೆ ಕೂತು ಅದನ್ನು ತಮಾಷೆಯಾಗಿ ಹೇಳಿ ಎಲ್ಲರನ್ನೂ ನಗಿಸಿದ್ದ. ಈಗ ನಗು ಬರಲಿಲ್ಲ. ಆ ಬಿಳಿ ಕಾರಿನ ಸೀಟಿನಲ್ಲಿ ಪವಿತ್ರ ಕೂತಂತೆ ಕಾಣಿಸಿತು. ನಾಗಮಂಗಲದ ಕಡೆಯ ಯಾವುದೋ ಒಂದು ತಿರುವಿನಲ್ಲಿ, ಮಬ್ಬುಗತ್ತಲಲ್ಲಿ, ಹತ್ತಿರದಲ್ಲಿ ಹೊಂಗೆ ಮರವೂ ಇಲ್ಲ, ಕೊಡವೂ ಇಲ್ಲ.

ಅದೆಲ್ಲ ಗೊತ್ತಿದ್ದೂ ಅವನು ಹೇಳಿದ್ದು ಒಂದೇ ಮಾತು. "ಹಾಕಿ."

ಯಾಕೆಂದರೆ ತಗಡು ಸುಳ್ಳು ಎಂದುಬಿಟ್ಟರೆ ಮುಂದಿನ ಮಾತನ್ನೂ ಆಡಬೇಕಾಗುತ್ತಿತ್ತು. ಕಿತ್ತ ಹುರುಳಿ ಹೊಲದಲ್ಲಿ ಮೆದೆಯಾಗಿ ಕೂತಿತ್ತು. ರಸ್ತೆ ಹೊಲದ ಮುಂದೇ ಇತ್ತು. ತಗಡೊಂದು ನಡುವೆ ಬಂದರೆ ಎರಡೂ ಉಳಿಯುತ್ತವೆ, ರಸ್ತೆಯ ಮೇಲೆ ಹುರುಳಿಯೂ, ಕಾರಿನಲ್ಲಿ ಮಗಳೂ. ಇಷ್ಟು ವಯಸ್ಸಾದವನು ತನಗೆ ತಾನೇ ಹೀಗೆ ಟೋಪಿ ಹಾಕಿಕೊಂಡ. ಪವಿತ್ರ ಅವನನ್ನು ನೋಡಿದಳು. ಏನೋ ಹೇಳಲು ಹೊರಟವಳು, ಒಡವೆ ವಸ್ತ್ರದ ವಿಷಯದಲ್ಲಿ ಮಾತು ಕೊಟ್ಟಿದ್ದೇನಲ್ಲ ಎಂದೋ ಏನೋ, ಸುಮ್ಮನಾದಳು.

ಸಂಕ್ರಾಂತಿ ಕಳೆಯಿತು. ಹಿತ್ತಿಲಿನ ಹಳೆಯ ಕಣದಲ್ಲಿ ಬೆಳೆದಿದ್ದ ಗಿಡಗಂಟಿಗಳನ್ನು ಕಡಿದು, ಮಣ್ಣು ಬಡಿದು ಮಟ್ಟ ಮಾಡಿ, ತಿಮ್ಮರಾಜು ಕಾರಿಗೆಂದು ಜಾಗ ಅಣಿ ಮಾಡಿದ. ಕಾರು ತರುವ ದಿನ ಬೆಳಿಗ್ಗೆ, ಇಬ್ಬನಿ ಆರುವ ಮೊದಲೇ ಎದ್ದು, ಯಾವತ್ತಿನಂತೆ ತನ್ನ ಪಾಲಿನ ಹುರುಳಿಯನ್ನು ರಸ್ತೆಗೆ ಹಾಸಿದ. ಒಂದು ಗಳಿಗೆ ಕವೆಗೋಲು ಹಿಡಿದು ನಿಂತ. ತಗಡು ಇದೆಯಲ್ಲ ಎಂದುಕೊಂಡ. ಮಗ್ಗುಲ ಹೊಲದ ದ್ಯಾವಯ್ಯನಿಗೆ ಮಧ್ಯಾಹ್ನ ಒಂದು ಸಲ ತಿರುವಿ ಹಾಕಲು ಹೇಳಿ, ಸ್ನಾನ ಮಾಡಿ, ಜರಿ ಅಂಚಿನ ಪಂಚೆ ಉಟ್ಟು ಹೊರಟ.

ಕಾರು ತಿಳಿ ನೀಲಿ ಬಣ್ಣದ್ದು. ರವೀಂದ್ರ ಅದಕ್ಕೆ ಕೆಂಪು ಬಟ್ಟೆ ಹೊದಿಸಿ ಇಟ್ಟಿದ್ದ. ಪವಿತ್ರ ಬಟ್ಟೆ ಎಳೆದಾಗ ಇಮಾಮ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಅಲ್ಲಿಂದ ನೇರ ಕರಿಘಟ್ಟಕ್ಕೆ ಹೋದರು. ಬೆಟ್ಟದ ಮೇಲಿನ ದೇವಸ್ಥಾನದ ಮುಂದೆ ಅರ್ಚಕರು ಕಾರಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಹೊರಡಮ್ಮ ಎಂದರು. ಕೆಳಗೆ ಲೋಕಪಾವನಿ ಕಾವೇರಿಯನ್ನು ಸೇರುವ ಜಾಗ ಬಿಸಿಲಿಗೆ ಮಿನುಗುತ್ತಿತ್ತು. ಮಗಳು ನಿಂಬೆಹಣ್ಣಿನ ಮೇಲೆ ಚಕ್ರ ಹರಿಸಿ ಬೆಟ್ಟ ಇಳಿಸುವಾಗ ಪಕ್ಕದಲ್ಲಿ ಕೂತಿದ್ದ ತಿಮ್ಮರಾಜುವಿಗೆ ಕಣ್ಣು ತುಂಬಿತು. ಈ ಹುಡುಗಿಗೆ ಸೈಕಲ್ ಕಲಿಸುವಾಗ ಹಿಂದೆ ಹಿಡಿದುಕೊಂಡು ಓಡಿದ್ದು ನಿನ್ನೆಯೋ ಮೊನ್ನೆಯೋ ಎನ್ನಿಸಿತು.

ಪಾಂಡವಪುರ ದಾಟಿದರು. ಕಬ್ಬಿನ ಗದ್ದೆಗಳು, ಆಲೆಮನೆಯ ಹೊಗೆ, ಹೊಸ ಬೆಲ್ಲದ ವಾಸನೆ. ಪ್ರಮೀಳಾ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತು, ಮನೆಯಲ್ಲಿ ಕೂತಂಗೇ ಐತೆ ಎಂದಳು. ಇಮಾಮ್ ಕಿಟಕಿ ಇಳಿಸುವುದು, ಏರಿಸುವುದು ಮಾಡುತ್ತ, ಆ ನೀಲಿ ದೀಪ ಒಂದಿದ್ದಿದ್ದರೆ ಎಂದು ಎರಡು ಸಲ ಕೊರಗಿದ. ಕೆ.ಆರ್. ಪೇಟೆಯಲ್ಲಿ ಅವನ ಮನೆ ಮುಂದೆ ನಿಲ್ಲಿಸಿದಾಗ ಬಿಸ್ಮಿಲ್ಲಾ ಬೀ ಹೊರಗೆ ಬಂದು ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಇಮಾಮ್ ಇಳಿಯಲಿಲ್ಲ; ಕಾರನ್ನು ಮನೆ ತುಂಬಿಸಿಯೇ ಬರುತ್ತೇನೆ ಎಂದ. ಅಲ್ಲಿಂದ ಸಿಂಧಘಟ್ಟದವರೆಗೂ ನಾಲ್ವರೂ ಹರಟುತ್ತಲೇ ಬಂದರು. ತಿಮ್ಮರಾಜುವಿಗೆ ತನ್ನಷ್ಟು ಸುಖಿ ಆ ತಾಲ್ಲೂಕಿನಲ್ಲೇ ಇಲ್ಲ ಎನ್ನಿಸುತ್ತಿತ್ತು.

ಊರು ದಾಟಿ ಮನೆಯ ರಸ್ತೆಗೆ ತಿರುಗಿದರು. ಪವಿತ್ರ ಕಾರು ನಿಲ್ಲಿಸಿದಳು.

ಮುಂದೆ ರಸ್ತೆಯೇ ಇರಲಿಲ್ಲ. ಮೊದಲು ಆಚೆ ಹೊಲದ ಚಿಕ್ಕಸ್ವಾಮಿಯ ಹುರುಳಿ, ಆಮೇಲೆ ದ್ಯಾವಯ್ಯನದು, ಕೊನೆಯಲ್ಲಿ ಮನೆಯವರೆಗೂ ತಿಮ್ಮರಾಜುವಿನದು. ಯಾವತ್ತೂ ತೆಳ್ಳಗೆ ಹಾಸುವ ದ್ಯಾವಯ್ಯ ಇವತ್ತು ಮೊಣಕಾಲುದ್ದ ಹಾಸಿದ್ದ. ಅದರ ಮೇಲೆ ಅಲ್ಲಲ್ಲಿ ಚೆಂಡು ಹೂವು ಕೂಡ ಚೆಲ್ಲಿದ್ದ. ಕವೆಗೋಲು ಹೆಗಲ ಮೇಲಿಟ್ಟುಕೊಂಡು ನಗುತ್ತ ಕಾರಿನ ಹತ್ತಿರ ಬಂದ.

"ಬಾ ತಿಮ್ಮಣ್ಣ. ಪವಿತ್ರವ್ವನ ಕಾರು ಮೊದ್ಲು ನಮ್ ಹುರುಳಿ ಮ್ಯಾಲೆ ಹರೀಲಿ ಅಂತ ಮಧ್ಯಾನದಿಂದ ಒಂದ್ ಗಾಡಿನೂ ಬುಟ್ಟಿಲ್ಲ. ಎಲ್ಲಾನೂ ಆ ಕಡೆ ದಾರೀಲಿ ಕಳ್ಸಿವ್ನಿ. ನಡಿಯವ್ವ, ಒಳ್ಳೇದಾಗ್ಲಿ."

ಅವನ ಮುಖದಲ್ಲಿ ಒಂದಿಷ್ಟೂ ಕಲ್ಮಶವಿರಲಿಲ್ಲ. ಪವಿತ್ರ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಅಪ್ಪನ ಕಡೆ ತಿರುಗಿದಳು.

"ಹೋಗ್ಲಾ ಅಪ್ಪ? ತಗಡು ಹಾಕ್ಸಿದ್ದೀಯಲ್ಲ."

ಅವಳು ಕೆಣಕಿ ಕೇಳಲಿಲ್ಲ. ಅದೇ ಅವನಿಗೆ ತಡೆಯಲಾಗಲಿಲ್ಲ. ಹೋಗು ಎಂದರೆ ಹೋಗಿಬಿಡುತ್ತಿದ್ದಳು, ಅಪ್ಪ ಹಾಕಿಸಿದ್ದು ಎಂಬ ನಂಬಿಕೆಯಲ್ಲಿ. ಇಷ್ಟು ಭಯ ಅವನಿಗೆ ಯಾವತ್ತೂ ಆಗಿರಲಿಲ್ಲ.

"ಇಂಜಿನ್ ಆಫ್ ಮಾಡು ಮಗಾ" ಎಂದು ಕೆಳಗಿಳಿದ.

ಇಳಿದವನೇ ಜರಿ ಪಂಚೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ, ದ್ಯಾವಯ್ಯನ ಹೆಗಲಿನಿಂದ ಕವೆಗೋಲು ತೆಗೆದುಕೊಂಡು, ಮುಂದಿದ್ದ ಚಿಕ್ಕಸ್ವಾಮಿಯ ಹುರುಳಿಯನ್ನು ರಸ್ತೆ ಬದಿಗೆ ಎಳೆದು ಹಾಕತೊಡಗಿದ. ಚಿಕ್ಕಸ್ವಾಮಿ ಹೊಲದಿಂದ ಓಡಿ ಬಂದ. ದ್ಯಾವಯ್ಯನಿಗೆ ಕೋಪಕ್ಕಿಂತ ಹೆಚ್ಚು ಬೇಸರವಾಯಿತು.

"ಯಾಕಣ್ಣ, ನಮ್ ಹುರುಳಿ ತುಳುದ್ರೆ ನಿಮ್ ಕಾರಿಗೆ ಮೈಲಿಗೆ ಆಯ್ತದಾ? ಹೂವಾ ಬ್ಯಾರೆ ಹಾಕಿವ್ನಿ."

"ಮೈಲಿಗೆ ಅಲ್ಲ ಕಣ್ಲಾ. ಬೆಂಕಿ."

"ತಗಡು ಹಾಕ್ಸಿದೀನಿ, ಇನ್ನೇನ್ ಭಯ ಇಲ್ಲ ಅಂತ ಡೇರಿ ತಾವ ನೀನೇ ಯೋಳ್ದೆ?"

"ಸುಳ್ಳೇಳ್ದೆ. ಆ ಬಿಳಿ ಕಾರ್ಗೂ ತಗಡಿತ್ತು. ಹೊಗೆ ಬಂದುದ್ನ ನೀನೂ ನೋಡ್ದೆ, ನಾನೂ ನೋಡ್ದೆ, ಇಬ್ರೂ ನಕ್ಕೊ. ಇವತ್ತು ನನ್ ಮಗಳು ಒಳಗೆ ಕುಂತವ್ಳೆ. ನಂಗೆ ನಗಕ್ಕಾಯ್ತಿಲ್ಲ." ತಿಮ್ಮರಾಜು ಕೈ ನಿಲ್ಲಿಸಲಿಲ್ಲ. "ಈ ರೋಡಲ್ಲಿ ಹಾಸೋದ ಕಲ್ಸಿದ್ದು ನಾನೇ. ಬುಡಿ ಅಂತ ಯೋಳೋನೂ ನಾನೇ. ಬೈಯೋದಾದ್ರೆ ಆಮ್ಯಾಕೆ ಬೈರಪ್ಪ, ಈಗ ಒಂದ್ ಕೈ ಹಾಕಿ."

ಮೊದಲು ಪ್ರಮೀಳಾ ಕಾರಿನಿಂದ ಇಳಿದು, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು. ಇಮಾಮ್ ಹೊಸ ಜುಬ್ಬದ ತೋಳು ಮಡಚಿದ. ಪವಿತ್ರ ಬಾಗಿಲು ತೆಗೆಯಲು ಹೋದಾಗ ತಿಮ್ಮರಾಜು ಅಲ್ಲಿಂದಲೇ ಬೇಡವೆಂದು ಕೈ ಮಾಡಿದ.

"ನೀನ್ ಅಲ್ಲೇ ಕುಂತ್ಕೊ. ಇದು ನಾವ್ ಮಾಡಿರೋ ಕೆಲ್ಸ."

ಚಿಕ್ಕಸ್ವಾಮಿ ಗೊಣಗುತ್ತ ಗೊಣಗುತ್ತ ಒಂದು ತೆಕ್ಕೆ ಸೊಪ್ಪು ಎತ್ತಿದ. ದ್ಯಾವಯ್ಯ ತಾನು ಚೆಲ್ಲಿದ್ದ ಹೂವುಗಳನ್ನು ಮೊದಲು ಆರಿಸಿ ಕಾರಿನ ಮೇಲೆ ಇಟ್ಟು, ಆಮೇಲೆ ಸೊಪ್ಪಿಗೆ ಕೈ ಹಾಕಿದ. "ಅದ್ಸರಿ, ಇದ್ನೆಲ್ಲ ಬಡಿಯೋದೆಲ್ಲಿ?" ಎಂದು ಕೇಳಿದ.

"ನಮ್ ಹಿತ್ಲಲ್ಲಿ ಕಣ ಮಟ್ಟ ಮಾಡಿ ಮಡಗಿವ್ನಿ. ಮೂರೂ ಜನದ್ದೂ ಅಲ್ಲೇ ಆಯ್ತದೆ."

"ಅದು ಕಾರಿಗೆ ಅಂತ ಮಾಡ್ಸಿದ್ದಲ್ವಾ?"

"ಕಾರು ಹೊಂಗೆ ಮರದ ಕೆಳಗೆ ನಿಂತ್ಕತದೆ ಬುಡು. ಈಗ ಅಲ್ಲಿ ಕೊಡ ಮಡಗೋ ಕೆಲ್ಸ ಇಲ್ವಲ್ಲ."

ಮನೆಯ ಮುಂದಿನ ಭಾಗ ಎಲ್ಲಕ್ಕಿಂತ ದಪ್ಪವಾಗಿತ್ತು. ಅದು ತಿಮ್ಮರಾಜುವಿನದೇ. ಅದನ್ನು ಅವನು ಯಾರಿಗೂ ಮುಟ್ಟಗೊಡದೆ ಒಬ್ಬನೇ ಎಳೆದು ಹಾಕಿದ. ಹೊಸ ಅಂಗಿಯ ಬೆನ್ನು ಬೆವರಿನಿಂದ ಅಂಟಿಕೊಂಡಿತು, ಜರಿ ಅಂಚಿಗೆ ಹುರುಳಿಯ ಒಣ ಕಾಯಿಗಳು ಹಿಡಿದುಕೊಂಡವು. ಬಿಸಿಲು ಇಳಿಯುವ ಹೊತ್ತಿಗೆ ಡಾಂಬರು ಕಂಡಿತು. ಪವಿತ್ರ ಕಾರನ್ನು ನಿಧಾನವಾಗಿ ತಂದು ಮರದ ಕೆಳಗೆ ನಿಲ್ಲಿಸಿದಳು. ಇಳಿದು ಬಂದು ಅಪ್ಪನ ಬೆನ್ನಿಗೆ ಅಂಟಿದ್ದ ಸೊಪ್ಪನ್ನು ಒಂದೊಂದಾಗಿ ಬಿಡಿಸಿದಳು. ತಿಮ್ಮರಾಜುವಿಗೆ ಹಾಗೇ ಇನ್ನಷ್ಟು ಹೊತ್ತು ನಿಂತಿರೋಣ ಎನ್ನಿಸಿತು.

ಮಾರನೆಯ ದಿನ ಹೆಂಗಸರು ಕಣಕ್ಕೆ ಸಗಣಿ ಸಾರಿಸಿದರು. ಒಣಗಿದ ಮೇಲೆ ಮೂರು ಮನೆಯ ಹುರುಳಿಯನ್ನೂ ಸರದಿಯಂತೆ ಹಾಸಿ, ಚಿಕ್ಕಸ್ವಾಮಿಯ ಟ್ರಾಕ್ಟರನ್ನು ಸುತ್ತು ಹೊಡೆಸಿದರು. ಕಾಳು ರಸ್ತೆಯಲ್ಲಿ ಆಗುತ್ತಿದ್ದಷ್ಟು ಬೇಗ ಆಗಲಿಲ್ಲ. ಆದರೆ ಮಣ್ಣು, ಕಲ್ಲು, ಟೈರಿನ ಚೂರು ಯಾವುದೂ ಇಲ್ಲದೆ ಶುದ್ಧವಾಗಿ ಬಂತು. ಇಮಾಮ್ ಸ್ಪ್ಯಾನರು ತಂದು ಕಾರಿನ ಅಡಿಯ ತಗಡನ್ನು ಬಿಚ್ಚಿದ. ಇದರ ಮರೆಯಲ್ಲಿ ಏನು ಸಿಕ್ಕಿಕೊಂಡರೂ ಕಾಣುವುದಿಲ್ಲ, ಅಡಿ ಬಯಲಾಗಿರಲಿ, ಕಣ್ಣಿಗೆ ಬೀಳಲಿ ಎಂದು ತಿಮ್ಮರಾಜುವೇ ಹೇಳಿದ್ದ. ತಗಡು ದಂಡವಾಗಲಿಲ್ಲ. ಕಣದಲ್ಲಿ ಕಾಳನ್ನು ದೂಡಿ ರಾಶಿ ಮಾಡಲು ಅಂಥ ಸಾಮಾನು ಇನ್ನೊಂದಿಲ್ಲ ಎಂದು ದ್ಯಾವಯ್ಯ ಅದನ್ನು ಕೈಬಿಡಲೇ ಇಲ್ಲ. ರಬ್ಬರ್ ಹಾಸನ್ನು ಪ್ರಮೀಳಾ ಎರಡು ದಿನಕ್ಕೊಮ್ಮೆ ತೊಳೆದು ಬೇಲಿಯ ಮೇಲೆ ಒಣಹಾಕುತ್ತಿದ್ದಳು.

ಪವಿತ್ರ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬರತೊಡಗಿದಳು. ತಿಮ್ಮರಾಜು ಜಗಲಿಯ ಬದಲು ಈಗ ಹೊಂಗೆ ಮರದ ಕೆಳಗೆ ಕಾಯುತ್ತಿದ್ದ. ಕಾರು ಬಂದು ನಿಂತ ಕೂಡಲೇ, ಅವಳು ಬೇಡ ಬೇಡವೆಂದರೂ, ಟವಲು ಹಾಸಿ ಮಲಗಿ ಅಡಿಯನ್ನು ಬ್ಯಾಟರಿ ಬಿಟ್ಟು ನೋಡುತ್ತಿದ್ದ. ಏನೂ ಇರುತ್ತಿರಲಿಲ್ಲ. ಎದ್ದು ಟವಲು ಕೊಡವಿ, "ಊಟಕ್ಕೆ ನಡಿ" ಎನ್ನುತ್ತಿದ್ದ.

ಒಂದು ಸಂಜೆ ಮಾತ್ರ ಅವನು ಬೇಗ ಏಳಲಿಲ್ಲ. ಪವಿತ್ರ ಬಗ್ಗಿ ನೋಡಿದಳು. ಚಕ್ರದ ಹಿಂದಿನ ಅಚ್ಚಿನಿಂದ ಎರಡು ಗೇಣುದ್ದದ ಒಂದು ಬಳ್ಳಿಯನ್ನು ಬಿಡಿಸಿ, ಬ್ಯಾಟರಿಯ ಬೆಳಕಿಗೆ ಹಿಡಿದು, ಮೂಸಿ ನೋಡುತ್ತಿದ್ದ. ಒಂದು ತುದಿ ಸೀದಿತ್ತು.

"ನಮ್ಮೂರುದ್ದಲ್ಲ" ಎಂದ ಎದ್ದು ಕೂತು. "ಎಲ್ಲಿ ಹಾಸವ್ರೆ?"

"ಆಸ್ಪತ್ರೆಗಿಂತ ಸ್ವಲ್ಪ ಈಚೆಗೆ, ಕೆರೆ ಏರಿ ತಿರುವಲ್ಲಿ. ಒಬ್ರು ವಯಸ್ಸಾದೋರು ಹಾಸಿರ್ತಾರೆ. ಪಾಪ, ಒಳ್ಳೆಯೋರೇ ಅಪ್ಪ. ಗಾಡಿ ನಿಂತ್ರೆ ಓಡಿ ಬಂದು ಸೊಪ್ಪು ತೆಗೀತಾರೆ, ಕುಡಿಯಕ್ಕೆ ನೀರು ಕೊಡ್ತಾರೆ."

ತಿಮ್ಮರಾಜು ಆ ಬಳ್ಳಿಯನ್ನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಟವಲು ಕೊಡವಿದ.

"ಗೊತ್ತು ಬುಡು ಅಂಥೋರು" ಎಂದ. "ಬೆಳಿಗ್ಗೆ ನಾನೂ ನಿನ್ ಜೊತೆ ಬತ್ತೀನಿ. ನನ್ನ ಅಲ್ಲಿ ಇಳ್ಸಿ ನೀನ್ ಕೆಲ್ಸಕ್ಕೋಗು, ಸಂಜೆ ಬಂದು ಕರ್ಕೊ. ಅವ್ರ ಜೊತೆ ಕುಂತು ಮಾತಾಡ್ಬೇಕು."